ಸಕ್ಕರೆಯ ಬಲೆಗೆ ಬಿದ್ದ ಹುರಳಿ

ಹುರಳಿಯ ಬಗ್ಗೆ ನಾನು ತರಗತಿಯಲ್ಲಿ ಒಂದು ಮಾತನ್ನು ಬಹಳ ವರ್ಷ ಹೇಳುತ್ತ ಬಂದೆ. ರೋಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲವದು. ದ್ವಿದಳ ಧಾನ್ಯಗಳ ಪಾಠ ಬಂದಾಗಲೆಲ್ಲ ತೊಗರಿ, ಕಡಲೆ, ಹೆಸರುಗಳ ಗುಣಗಳನ್ನು ವಿಸ್ತಾರವಾಗಿ ವಿವರಿಸಿ, ಕೊನೆಗೆ “ಹುರಳಿ ಎತ್ತಿನ ಮೇವು, ಬಡವರ ಸಾರು, ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ” ಎಂದು ಪುಸ್ತಕ ಮುಚ್ಚುತ್ತಿದ್ದೆ. ರಕ್ತದ ಗುಂಪುಗಳ ಪಾಠ ಬೇರೊಂದು ಅಧ್ಯಾಯದಲ್ಲಿ ಬರುತ್ತಿತ್ತು. ಅಲ್ಲಿಯೂ ಎ, ಬಿ, ಎಬಿ, ಒ ಎಂದು ನಾಲ್ಕು ಮನೆಗಳ ಕೋಷ್ಟಕ ಬರೆಸಿ ಕೈ ತೊಳೆದುಕೊಳ್ಳುತ್ತಿದ್ದೆ. ಈ ಎರಡು ಪಾಠಗಳಿಗೆ ನಡುವೆ ಒಂದು ಬಾಗಿಲಿದೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಹುಬ್ಬಳ್ಳಿಯ ಒಂದು ರಕ್ತನಿಧಿಯ ಕಟ್ಟೆಯ ಮೇಲೆ ಚಿಂತೆಯಿಂದ ಕುಳಿತಿದ್ದ ಒಂದು ಮಧ್ಯಾಹ್ನ.

ನರಗುಂದಕ್ಕೆ ಕೊಟ್ಟ ನನ್ನ ತಂಗಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. ಎರಡು ಬಾಟಲಿ ರಕ್ತ ಸಿದ್ಧವಾಗಿಡಿರೆಂದು ವೈದ್ಯರು ಹೇಳಿದ್ದರು. ಆಕೆಯ ಹಳೆಯ ಚೀಟಿಯಲ್ಲಿ ‘ಎಬಿ’ ಎಂದಿತ್ತು. ಎಬಿಯವರಿಗೆ ಯಾರ ರಕ್ತವಾದರೂ ಆದೀತು ಎಂದು ನಾನೇ ಮಕ್ಕಳಿಗೆ ಬರೆಸಿದವನಾದ್ದರಿಂದ ನಿಶ್ಚಿಂತೆಯಿಂದಿದ್ದೆ. ಆದರೆ ತಂದ ರಕ್ತವೊಂದೂ ಹೊಂದಲೊಲ್ಲದು. ಪರೀಕ್ಷೆಯ ಕೊಳವೆಯಲ್ಲಿ ಆಕೆಯ ರಕ್ತದ ತಿಳಿಯೊಡನೆ ದಾನಿಗಳ ಕೆಂಪುಕಣಗಳು ಮುದ್ದೆಗಟ್ಟುತ್ತಿದ್ದವು. ಅಲ್ಲಿ ತಂತ್ರಜ್ಞನಾಗಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಹೊರಗೆ ಬಂದು, “ಸರ್, ಗಾಬರಿ ಆಗಬ್ಯಾಡ್ರಿ. ನಿಮ್ಮ ತಂಗಿಯವರ ರಕ್ತದಾಗ ಒಂದು ಒಳಗುಂಪು ಐತಿ ಅಂತ ಕಾಣತೈತ್ರಿ. ಇನ್ನೊಂದು ಪರೀಕ್ಷೆ ಮಾಡಿ ಹೇಳ್ತೇನ್ರಿ” ಎಂದ. ಅರ್ಧ ಗಂಟೆಯ ಮೇಲೆ ನನ್ನನ್ನು ಒಳಗೆ ಕರೆದು ಒಂದು ಪುಟ್ಟ ಶೀಶೆ ತೋರಿಸಿದ. ಮೇಲೆ ‘ಆಂಟಿ-ಎ1 ಲೆಕ್ಟಿನ್’ ಎಂದೂ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಡೋಲಿಕಸ್ ಬೈಫ್ಲೋರಸ್’ ಎಂದೂ ಅಚ್ಚಾಗಿತ್ತು.

“ಇದು ಏನಂತ ಗೊತ್ತಾತೇನ್ರಿ ಸರ್? ನಮ್ಮ ಹುರಳೀನ ರೀ. ನೀವು ಎತ್ತಿನ ಮೇವು ಅಂತಿದ್ರಲ್ಲ, ಅದ.”

ತಂಗಿಯ ಗುಂಪು ಎ2ಬಿ ಎಂದು ನಿರ್ಧಾರವಾಯಿತು. ಎ ಗುಂಪಿನವರಲ್ಲಿ ಎ1, ಎ2 ಎಂಬ ಎರಡು ಮುಖ್ಯ ಒಳಪಂಗಡಗಳಿವೆ; ಎ2 ಅಥವಾ ಎ2ಬಿ ಆದ ಕೆಲವರ ರಕ್ತದಲ್ಲಿ ಎ1 ಕಣಗಳನ್ನು ಸಹಿಸದ ಪ್ರತಿಕಾಯ ತಾನಾಗಿ ಇರುತ್ತದೆ. ಹುರಳಿಯ ಸಾರ ಎ1 ಕಣಗಳನ್ನು ಮುದ್ದೆಗಟ್ಟಿಸುತ್ತದೆ, ಎ2 ಕಣಗಳನ್ನು ಬಿಡುತ್ತದೆ. ಹಳೆಯ ಚೀಟಿ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು, ನನ್ನ ಪಾಠದ ಹಾಗೆಯೇ. ಹೊಂದುವ ರಕ್ತ ಅಂದು ಸಂಜೆ ದೊರೆಯಿತು. ತಂಗಿ ಸುಖವಾಗಿ ನರಗುಂದಕ್ಕೆ ಹೋದಳು. ನಾನು ಮಾತ್ರ ಹುರಳಿಯ ಬೆನ್ನು ಹತ್ತಿದೆ. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತರಗತಿಯಲ್ಲಿ ಕುಳಿತವರು ಯಾರಾದರೂ ಓದಿದರೆ ಹಳೆಯ ಬಾಕಿ ಸ್ವಲ್ಪ ತೀರಿತೆಂದುಕೊಳ್ಳುತ್ತೇನೆ.

ನಮ್ಮ ಕಡೆಯವರಿಗೆ ಹುರಳಿಯ ಪರಿಚಯ ಮಾಡಿಸಬೇಕಾಗಿಲ್ಲ. ರೋಣ, ನರಗುಂದಗಳ ಎರೆಭೂಮಿಯಲ್ಲಿ ಕಡಲೆ, ಬಿಳಿಜೋಳ, ಹತ್ತಿಗಳದೇ ದರ್ಬಾರು. ಗಜೇಂದ್ರಗಡದ ಗುಡ್ಡದ ಸೆರಗಿಗೆ ಬಂದಂತೆ ನೆಲ ಕೆಂಪಾಗಿ, ಕಲ್ಲು ಹೆಚ್ಚಾಗಿ, ಮಸಾರಿಯಾಗುತ್ತದೆ. ಬೇರೇನೂ ಬಾರದ ಆ ನೆಲದಲ್ಲಿ, ಮಳೆ ಕೈಕೊಟ್ಟ ವರ್ಷದಲ್ಲಿ, ಕೊನೆಯ ಆಸೆಯಾಗಿ ಚೆಲ್ಲುವ ಕಾಳು ಇದು. ಈ ಕಾಳಿಗೆ ರಕ್ತದ ಒಳಗುಂಪನ್ನು ಗುರುತಿಸುವ ಶಕ್ತಿಯಿದೆಯೆಂದು ಕಂಡುಹಿಡಿದ ಕೆಲಸ ನಡೆದದ್ದೂ ದೂರದಲ್ಲಲ್ಲ. ಭಾರತದಲ್ಲಿ ಸೈನ್ಯದ ವೈದ್ಯಕೀಯ ಸೇವೆಯಲ್ಲಿದ್ದು ಪುಣೆಯಲ್ಲಿ ರಕ್ತಪೂರಣದ ಕೆಲಸ ಮಾಡಿದ ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವೈದ್ಯರು 1951ರಲ್ಲಿ ಈ ಸಂಗತಿಯನ್ನು ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಎ1, ಎ2 ಒಳಗುಂಪುಗಳೊಡನೆ ಅದಕ್ಕಿರುವ ಸಂಬಂಧವನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಇಂದು ಜಗತ್ತಿನ ಯಾವ ಮೂಲೆಯ ರಕ್ತನಿಧಿಯಲ್ಲಿ ಎ1 ಪರೀಕ್ಷೆ ಮಾಡಿದರೂ ಬಹುಮಟ್ಟಿಗೆ ಹುರಳಿಯ ಸಾರವೇ ಬೇಕು. ಸಸ್ಯಶಾಸ್ತ್ರಜ್ಞರು ಆ ಗಿಡಕ್ಕೆ ಈಗ ಮ್ಯಾಕ್ರೊಟೈಲೋಮಾ ಎಂಬ ಹೊಸ ಹೆಸರಿಟ್ಟಿದ್ದಾರೆ; ಶೀಶೆಯ ಮೇಲೆ ಮಾತ್ರ ಹಳೆಯ ಹೆಸರೇ ಉಳಿದುಕೊಂಡಿದೆ.

ಇಂಥ ಬೀಜದ ಸಾರಗಳ ಕತೆ ಆರಂಭವಾಗುವುದು ನಮ್ಮ ಹೊಲದ ಬದುವಿನ ಇನ್ನೊಂದು ಗಿಡದಿಂದ. ಔಡಲದ ಬೀಜ ತಿಂದರೆ ಪ್ರಾಣಕ್ಕೆ ಅಪಾಯ, ಅದೇ ಬೀಜದ ಎಣ್ಣೆಯನ್ನು ಮಗುವಿಗೆ ಕುಡಿಸುತ್ತಿದ್ದರು ಎಂಬ ವಿಚಿತ್ರ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಇಂದು ಎಸ್ಟೋನಿಯ ದೇಶದಲ್ಲಿರುವ, ಅಂದು ಡೋರ್ಪಾಟ್ ಎಂದು ಕರೆಯುತ್ತಿದ್ದ ಊರಿನ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ 1888ರಲ್ಲಿ ತನ್ನ ಪ್ರಬಂಧದಲ್ಲಿ ಔಡಲದ ವಿಷಭಾಗ ಒಂದು ಪ್ರೋಟೀನ್ ಎಂದೂ, ಬೀಜದ ಸಾರ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆಗಟ್ಟಿಸುತ್ತದೆಂದೂ ತೋರಿಸಿದ. ಮುಂದೆ ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರೇ, ವಿಷವಿಲ್ಲದ ಅವರೆ, ಬಟಾಣಿ, ಮಸೂರಗಳ ಸಾರವೂ ರಕ್ತಕಣಗಳನ್ನು ಮುದ್ದೆಗಟ್ಟಿಸಬಲ್ಲದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತೋರಿಸಿದರು. ಅಂದರೆ ವಿಷ ಬೇರೆ, ಮುದ್ದೆಗಟ್ಟಿಸುವ ಗುಣ ಬೇರೆ ಎಂದಾಯಿತು. ಆದರೆ ಆ ಪ್ರೋಟೀನು ರಕ್ತಕಣದಲ್ಲಿ ಹಿಡಿದುಕೊಳ್ಳುವುದು ಯಾವುದನ್ನು?

ಅದಕ್ಕೆ ಉತ್ತರದ ಮೊದಲ ಸುಳಿವು ಕೊಟ್ಟವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್. ಎಡಗೈ ಬಳಕೆಯ ಈ ಮನುಷ್ಯ ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈಯನ್ನೇ ಕಳೆದುಕೊಂಡರು. ಬಲಗೈಯಿಂದ ಪ್ರಯೋಗ ಮಾಡಲು ಹೊಸದಾಗಿ ಕಲಿತು, ಕಿಣ್ವವೊಂದನ್ನು ಮೊದಲ ಬಾರಿಗೆ ಹರಳಾಗಿಸಿ ನೊಬೆಲ್ ಪಾರಿತೋಷಕ ಪಡೆದರು. (ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿಲ್ಲವೆಂದು ಗೊಣಗಿದಾಗಲೆಲ್ಲ ಈ ಮನುಷ್ಯನ ನೆನಪಾಗಿ ನಾಚಿಕೆಯಾಗುತ್ತಿತ್ತು.) ಅವರು ಜ್ಯಾಕ್‌ಬೀನ್ ಎಂಬ, ನಮ್ಮ ಅವರೆಯ ದೊಡ್ಡಪ್ಪನಂತಿರುವ ಕಾಳಿನಿಂದ 1919ರಲ್ಲಿ ಹರಳಾಗಿ ಬೇರ್ಪಡಿಸಿದ್ದ ಪ್ರೋಟೀನೊಂದಕ್ಕೆ ಕನ್‌ಕ್ಯಾನವಲಿನ್-ಎ ಎಂದು ಹೆಸರು. 1936ರಲ್ಲಿ ಸಮ್ನರ್ ಮತ್ತು ಹೋವೆಲ್ ಅದರಿಂದ ರಕ್ತಕಣಗಳು ಮುದ್ದೆಗಟ್ಟುವುದನ್ನು ಪರೀಕ್ಷಿಸುತ್ತ, ದ್ರಾವಣಕ್ಕೆ ಕಬ್ಬಿನ ಸಕ್ಕರೆ ಸೇರಿಸಿದರೆ ಮುದ್ದೆ ಕಟ್ಟುವುದು ನಿಲ್ಲುತ್ತದೆಂದು ಕಂಡರು. ನಾವು ಚಹಕ್ಕೆ ಹಾಕುವ ಸಕ್ಕರೆ! ಪ್ರೋಟೀನಿನ ಹಿಡಿಗಳೆಲ್ಲ ಬಿಡಿ ಸಕ್ಕರೆಯಿಂದ ತುಂಬಿಹೋದ ಮೇಲೆ ರಕ್ತಕಣವನ್ನು ಹಿಡಿಯಲು ಅದಕ್ಕೆ ಕೈ ಉಳಿಯಲಿಲ್ಲ. ಹಾಗಾದರೆ ರಕ್ತಕಣದ ಮೇಲೆ ಅದು ಹಿಡಿಯುತ್ತಿದ್ದುದೂ ಒಂದು ಬಗೆಯ ಸಕ್ಕರೆಯನ್ನೇ ಇರಬೇಕು.

ಈ ಒಂದು ಅವಲೋಕನದಲ್ಲಿ ಮುಂದಿನ ಕತೆಯೆಲ್ಲ ಅಡಗಿತ್ತು. ಅದು ಬಿಚ್ಚಿಕೊಳ್ಳಲು ಮೂವತ್ತು ವರ್ಷ ಹಿಡಿಯಿತು. ನಡುವೆ ಆದದ್ದಿಷ್ಟು. ಬಾಸ್ಟನ್ನಿನ ವಿಲಿಯಂ ಬಾಯ್ಡ್ ಅವರು ಲೈಮಾ ಅವರೆಯ ಸಾರ ಎ ಗುಂಪಿನ ಕಣಗಳನ್ನು ಮಾತ್ರ ಆರಿಸಿ ಮುದ್ದೆಗಟ್ಟಿಸುತ್ತದೆಂದು 1949ರಲ್ಲಿ ವರದಿ ಮಾಡಿದರು. 1954ರಲ್ಲಿ ಇಂಥ ಪ್ರೋಟೀನುಗಳಿಗೆ ‘ಲೆಕ್ಟಿನ್’ ಎಂಬ ಹೆಸರು ಕೊಟ್ಟವರೂ ಅವರೇ. ‘ಆರಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ ಅದು. ಲಂಡನ್ನಿನ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಇಂಥ ಸಾರಗಳಿಗೆ ಬಗೆಬಗೆಯ ಸಕ್ಕರೆಗಳನ್ನು ಸೇರಿಸಿ, ಯಾವ ಸಕ್ಕರೆ ಯಾವುದರ ಕೆಲಸವನ್ನು ನಿಲ್ಲಿಸುತ್ತದೆಂದು ನೋಡಿದರು. ರಕ್ತದ ಗುಂಪುಗಳೆಂದರೆ ಕಣದ ಹೊರಮೈಯಲ್ಲಿರುವ ಸಕ್ಕರೆಯ ಸರಪಳಿಗಳ ತುದಿಯ ವ್ಯತ್ಯಾಸವೆಂಬುದು ಇಂಥ ಪ್ರಯೋಗಗಳಿಂದ ಹೊರಬಂತು. ಎ ಗುಂಪಿನವರ ಸರಪಳಿಯ ತುದಿಯಲ್ಲಿ ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆ, ಬಿ ಗುಂಪಿನವರಲ್ಲಿ ಗ್ಯಾಲಕ್ಟೋಸ್. ಒ ಗುಂಪಿನವರಲ್ಲಿ ಇವೆರಡೂ ಇಲ್ಲ. ನಮ್ಮ ಹುರಳಿ ಹಿಡಿಯುವುದು ಆ ಎ ಗುಂಪಿನ ಸಕ್ಕರೆಯನ್ನೇ. ಎ1 ಕಣದ ಮೇಲೆ ಅದು ಹೇರಳ, ಎ2 ಕಣದ ಮೇಲೆ ವಿರಳ. ನನ್ನ ತಂಗಿಯ ಕಣಗಳನ್ನು ಹುರಳಿ ಏಕೆ ಬಿಟ್ಟಿತೆಂಬುದಕ್ಕೆ ಮುಖ್ಯ ಕಾರಣ ಇದು.

ರಕ್ತನಿಧಿಯ ಕೆಲಸಕ್ಕೆ ಹುರಳಿಯ ಕಚ್ಚಾ ಸಾರವನ್ನು ತಕ್ಕಷ್ಟು ತೆಳುವಾಗಿಸಿದರೆ ಸಾಕು. ಆದರೆ ಹಿಡಿಯುವ ಆ ಪ್ರೋಟೀನಿನ ತೂಕವೆಷ್ಟು, ಅದಕ್ಕೆ ಕೈಗಳೆಷ್ಟು, ಸಕ್ಕರೆಯನ್ನು ಹೇಗೆ ಹಿಡಿಯುತ್ತದೆ ಎಂದು ಕೇಳುವವನಿಗೆ ಅದು ಶುದ್ಧವಾಗಿ ಬೇಕು. ಒಂದು ಕಾಳಿನ ಹಿಟ್ಟಿನಲ್ಲಿ ನೂರಾರು ಬಗೆಯ ಪ್ರೋಟೀನುಗಳಿರುತ್ತವೆ. ಲೆಕ್ಟಿನ್ ಅದರಲ್ಲಿ ಅಲ್ಪಭಾಗ. ಬೇರ್ಪಡಿಸುವ ಹಳೆಯ ವಿಧಾನಗಳು ನಮ್ಮ ಕಣದ ಕೆಲಸಗಳಂತೆಯೇ ಇದ್ದವು. ಉಪ್ಪು ಹೆಚ್ಚಿಸುತ್ತ ಹೋಗಿ ಕೆಲವನ್ನು ತಳಕ್ಕಿಳಿಸುವುದು ರಾಶಿ ತೂರಿದ ಹಾಗೆ. ಗಾತ್ರ ನೋಡಿ ಬೇರ್ಪಡಿಸುವುದು ಸಾಣಿಗೆ ಹಿಡಿದ ಹಾಗೆ. ತೂರಿ, ಸಾಣಿಗೆ ಹಿಡಿದ ಮೇಲೂ ಕಾಳಿನಷ್ಟೇ ಗಾತ್ರದ, ಕಾಳಿನಷ್ಟೇ ತೂಕದ ಹರಳು ಉಳಿಯುತ್ತದೆಂಬುದು ಮೊರ ಹಿಡಿದ ಪ್ರತಿ ಹೆಣ್ಣುಮಗಳಿಗೂ ಗೊತ್ತು. ಕೊನೆಗೆ ಕೈಯಿಂದಲೇ ಆರಿಸಬೇಕು. ಪ್ರೋಟೀನನ್ನು ಆರಿಸುವ ಕೈ ಎಲ್ಲಿಂದ ಬರಬೇಕು?

ಉತ್ತರ ಬಂದದ್ದು 1965ರಲ್ಲಿ, ಬಿ. ಬಿ. ಎಲ್. ಅಗ್ರವಾಲ್ ಮತ್ತು ಇರ್ವಿನ್ ಗೋಲ್ಡ್‌ಸ್ಟೈನ್ ಅವರಿಂದ. ಆ ಹೊತ್ತಿಗೆ ಸ್ವೀಡನ್ನಿನ ಫಾರ್ಮೇಸಿಯ ಕಂಪನಿ ಸೆಫಡೆಕ್ಸ್ ಎಂಬ ಪುಟ್ಟ ಪುಟ್ಟ ಮಣಿಗಳನ್ನು ಮಾರಾಟಕ್ಕೆ ತಂದು ಆರೇಳು ವರ್ಷಗಳಾಗಿದ್ದವು. ಪ್ರೋಟೀನುಗಳನ್ನು ಗಾತ್ರದಿಂದ ಸೋಸಲೆಂದು ಮಾಡಿದ ಸಾಣಿಗೆ ಅದು. ಅದನ್ನು ಮಾಡುವುದು ಡೆಕ್ಸ್‌ಟ್ರಾನ್ ಎಂಬ ವಸ್ತುವಿನಿಂದ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸೂಕ್ಷ್ಮಜೀವಿ ಹತ್ತಿದಾಗ ಕಟ್ಟುವ ಲೋಳೆ ಇದೆಯಲ್ಲ, ಅದೇ ಡೆಕ್ಸ್‌ಟ್ರಾನ್. ಗ್ಲುಕೋಸ್ ಅಣುಗಳ ಉದ್ದನೆಯ ಸರಪಳಿ. ಆ ಸರಪಳಿಗಳನ್ನು ರಾಸಾಯನಿಕವಾಗಿ ಅಡ್ಡಡ್ಡ ಹೊಲಿದರೆ ನೀರಿನಲ್ಲಿ ಕರಗದ, ಆದರೆ ಉಬ್ಬುವ ಮಣಿಯಾಗುತ್ತದೆ. ಕನ್‌ಕ್ಯಾನವಲಿನ್-ಎ ಡೆಕ್ಸ್‌ಟ್ರಾನನ್ನು ಹಿಡಿಯುತ್ತದೆಂದು ಇವರಿಗೆ ಗೊತ್ತಿತ್ತು. ಹಾಗಾದರೆ ಈ ಸಾಣಿಗೆಯೇ ಸಕ್ಕರೆಯ ಬಲೆಯಾಗಬೇಕಲ್ಲ! ಕಾಳಿನ ಸಾರವನ್ನು ಮಣಿ ತುಂಬಿದ ಗಾಜಿನ ನಳಿಕೆಯ ಮೂಲಕ ಹರಿಸಿದರು. ಉಳಿದ ಪ್ರೋಟೀನುಗಳೆಲ್ಲ ಉಪ್ಪುನೀರಿನೊಡನೆ ಕೆಳಗಿಳಿದು ಹೋದವು. ಕನ್‌ಕ್ಯಾನವಲಿನ್-ಎ ಮಾತ್ರ ಮಣಿಗಳಿಗೆ ಕಚ್ಚಿಕೊಂಡು ಕುಳಿತಿತು. ಆಮೇಲೆ ಗ್ಲುಕೋಸ್ ಕರಗಿಸಿದ ನೀರು ಬಿಟ್ಟರು. ಬಿಡಿ ಗ್ಲುಕೋಸನ್ನು ಹಿಡಿದುಕೊಂಡು, ಮಣಿಯನ್ನು ಬಿಟ್ಟು, ಪ್ರೋಟೀನ್ ಶುದ್ಧವಾಗಿ ಹೊರಬಂದಿತು. ಸಮ್ನರ್ ಮೂವತ್ತು ವರ್ಷ ಹಿಂದೆ ಕಂಡ ಗುಣವೇ ಇಲ್ಲಿ ಬಾಗಿಲ ಕೀಲಿಯಾಯಿತು.

ನನ್ನ ತಾಯಿ ರವೆಯ ಡಬ್ಬಿಗೆ ಇರುವೆ ಮುತ್ತಿದಾಗ ಒಂದು ಉಪಾಯ ಮಾಡುತ್ತಿದ್ದಳು. ದಾರಕ್ಕೆ ಬೆಲ್ಲದ ತುಂಡು ಕಟ್ಟಿ ಡಬ್ಬಿಯೊಳಗೆ ಇಳಿಬಿಡುವುದು. ಗಂಟೆ ಹೊತ್ತಿನಲ್ಲಿ ಇರುವೆಗಳೆಲ್ಲ ಬೆಲ್ಲಕ್ಕೆ ಮುತ್ತುತ್ತಿದ್ದವು. ದಾರ ಎತ್ತಿ ಹಿತ್ತಲಲ್ಲಿ ಬೆಲ್ಲದ ಪುಡಿ ಚೆಲ್ಲಿದ ಕಡೆ ಇಟ್ಟರೆ ತುಂಡನ್ನು ಬಿಟ್ಟು ಪುಡಿಗೆ ಹೋಗುತ್ತಿದ್ದವು. ಸಕ್ಕರೆ ಕಟ್ಟಿದ ಮಣಿಯ ಉಪಾಯ ಓದಿದಾಗ ನನಗೆ ನೆನಪಾದದ್ದು ಆ ದಾರ. ಹೋಲಿಕೆ ಒಂದು ಕಡೆ ತಪ್ಪುತ್ತದೆಂಬುದನ್ನೂ ಹೇಳಬೇಕು. ಇರುವೆ ಬೆಲ್ಲವನ್ನು ತಿಂದು ಕರಗಿಸುತ್ತದೆ. ಲೆಕ್ಟಿನ್ ಸಕ್ಕರೆಯನ್ನು ಹಿಡಿಯುತ್ತದೆ, ಬಿಡುತ್ತದೆ; ಅದರಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಮಾಡುವುದಿಲ್ಲ. ಆದ್ದರಿಂದಲೇ ಅದೇ ಮಣಿಗಳನ್ನು ತೊಳೆದು ಮತ್ತೆ ಮತ್ತೆ ಬಳಸಬಹುದು.

ಗ್ಲುಕೋಸ್ ಹಿಡಿಯುವ ಕಾಳಿಗೆ ಸಿದ್ಧ ಮಣಿ ಸಿಕ್ಕಿತು. ಬೇರೆ ಸಕ್ಕರೆ ಹಿಡಿಯುವವಕ್ಕೆ? ಬೇಕಾದ ಸಕ್ಕರೆಯನ್ನು ಮಣಿಗೆ ನಾವೇ ಕಟ್ಟಬೇಕು. ಕಟ್ಟುವ ಒಂದು ಒಳ್ಳೆಯ ವಿಧಾನವನ್ನು ಸ್ವೀಡನ್ನಿನ ಉಪ್ಸಾಲಾದ ಪೋರಾಥ್ ಮತ್ತು ಸಂಗಡಿಗರು 1967ರಲ್ಲಿ ಕೊಟ್ಟರು. ಸಮುದ್ರದ ಪಾಚಿಯಿಂದ ತೆಗೆದ ಅಗರೋಸ್ ಎಂಬ ವಸ್ತುವಿನ ಮಣಿಗಳಿಗೆ ಬೇಕಾದ ಅಣುವನ್ನು ಗಟ್ಟಿಯಾಗಿ ಜೋಡಿಸುವ ರಸಾಯನ ಅದು. ಮರುವರ್ಷ ಅಮೆರಿಕದಲ್ಲಿ ಕ್ವಾಟ್ರೆಕಾಸಸ್, ವಿಲ್‌ಚೆಕ್, ಆನ್‌ಫಿನ್ಸೆನ್ ಈ ಇಡೀ ಪದ್ಧತಿಗೆ ‘ಅಫಿನಿಟಿ ಕ್ರೊಮ್ಯಾಟೋಗ್ರಫಿ’ ಎಂದು ಕರೆದರು. ಒಲವಿನ ಸೋಸಾಟ ಎಂದು ನಾನು ಕನ್ನಡಿಸಿಕೊಂಡಿದ್ದೇನೆ.

ಹುರಳಿಯ ಸರದಿ ಬಂದದ್ದು 1970ರಲ್ಲಿ. ಮ್ಯಾರಿಲಿನ್ ಎಟ್ಜ್‌ಲರ್ ಮತ್ತು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಎಲ್ವಿನ್ ಕಬಾಟ್ ಹಿಡಿದ ದಾರಿ ಸ್ವಲ್ಪ ವಿಚಿತ್ರ. ಹಂದಿಯ ಜಠರದ ಲೋಳೆಯಲ್ಲಿ ನಮ್ಮ ಎ ಗುಂಪಿನ ಸಕ್ಕರೆಯೇ ಇರುತ್ತದೆ. ಅದನ್ನು ನೀರಿನಲ್ಲಿ ಕರಗದಂತೆ ಮಾಡಿ ನಳಿಕೆಗೆ ತುಂಬಿ, ಮೇಲಿನಿಂದ ಹುರಳಿಯ ಸಾರ ಹರಿಸಿದರು. ಅಂಟಿಕೊಂಡ ಪ್ರೋಟೀನನ್ನು ಅಸಿಟೈಲ್ ಗ್ಯಾಲಕ್ಟೋಸಮೀನ್ ದ್ರಾವಣದಿಂದ ಬಿಡಿಸಿಕೊಂಡರು. ನಾಲ್ಕು ತುಂಡುಗಳು ಕೂಡಿ ಆದ ಪ್ರೋಟೀನು ಅದು ಎಂಬುದು ಮುಂದಿನ ವರ್ಷಗಳಲ್ಲಿ ತಿಳಿಯಿತು. ಎಟ್ಜ್‌ಲರ್ ಅವರು ಹುರಳಿಯನ್ನು ಬಿಡಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಪ್ರಾಧ್ಯಾಪಕಿಯಾಗಿ ಅದರ ಬೆನ್ನು ಹಿಡಿದು, 1999ರಲ್ಲಿ ಅದರ ಬೇರಿನಲ್ಲಿ ಬೇರೆಯದೇ ಒಂದು ಲೆಕ್ಟಿನ್ ಇದೆಯೆಂದೂ, ಸಾರಜನಕ ಹಿಡಿಯುವ ಬ್ಯಾಕ್ಟೀರಿಯ ಕಳಿಸುವ ಸಕ್ಕರೆಯ ಸಂಕೇತವನ್ನು ಅದು ಗುರುತಿಸುತ್ತದೆಂದೂ ಸಂಗಡಿಗರೊಡನೆ ತೋರಿಸಿದರು. ಬೇರಿನ ಗಂಟುಗಳ ಪಾಠವನ್ನೂ ನಾನು ಮಾಡುತ್ತಿದ್ದೆನಲ್ಲ! ಅದು ಮೂರನೆಯ ಅಧ್ಯಾಯ. ಮೂರಕ್ಕೂ ಒಂದೇ ಕಾಳು.

ಇನ್ನು ಶೇಂಗಾ. ಇದರ ಸಾರದ ಗುಣವನ್ನೂ ಮೊದಲು ವರದಿ ಮಾಡಿದವರು ಹುರಳಿಯ ಅದೇ ಬರ್ಡ್, 1964ರಲ್ಲಿ. ಶೇಂಗಾದ ಸಾರ ಸಹಜವಾದ ರಕ್ತಕಣವನ್ನು ಮುಟ್ಟುವುದಿಲ್ಲ. ಕಣದ ಸರಪಳಿಗಳ ತುದಿಯಲ್ಲಿರುವ ಸಿಯಾಲಿಕ್ ಆಮ್ಲವನ್ನು ಕಿಣ್ವದಿಂದ ಕತ್ತರಿಸಿದರೆ ಒಳಗೆ ಮುಚ್ಚಿಕೊಂಡಿದ್ದ ಜೋಡಿ ಸಕ್ಕರೆಯೊಂದು ಹೊರಗೆ ಕಾಣುತ್ತದೆ. ಟಿ-ಆಂಟಿಜೆನ್ ಎಂದು ಅದರ ಹೆಸರು. ಶೇಂಗಾ ಹಿಡಿಯುವುದು ಅದನ್ನು. ಅನೇಕ ಬಗೆಯ ಕ್ಯಾನ್ಸರ್ ಕೋಶಗಳ ಮೇಲೆ ಈ ಜೋಡಿ ಸಕ್ಕರೆ ಮುಸುಕಿಲ್ಲದೆ ತೆರೆದುಕೊಂಡಿರುತ್ತದೆಂದು ತಿಳಿದ ಮೇಲೆ ಶೇಂಗಾದ ಪ್ರೋಟೀನಿಗೆ ಬೇಡಿಕೆ ಬಂತು. ಇಸ್ರೇಲಿನ ರೆಹೊವೊತ್‌ನಲ್ಲಿ ನೇಥನ್ ಶಾರೋನ್ ಅವರ ಬಳಗ 1975ರಲ್ಲಿ ಅದನ್ನು ಶುದ್ಧಗೊಳಿಸಿತು. ಗ್ಯಾಲಕ್ಟೋಸನ್ನು ನೇರವಾಗಿ ಮಣಿಗೆ ಕಟ್ಟದೆ, ನಡುವೆ ಆರು ಇಂಗಾಲದ ಒಂದು ಗಿಡ್ಡ ದಾರ ಬಿಟ್ಟು ಕಟ್ಟಿದರು. ದಾರವಿಲ್ಲದಿದ್ದರೆ ಸಕ್ಕರೆ ಮಣಿಯ ಮೈಗೆ ಅಂಟಿಕೊಂಡು ಪ್ರೋಟೀನಿನ ಕೈಗೆ ನಿಲುಕುವುದು ಕಷ್ಟ. ನನ್ನ ತಾಯಿ ಬೆಲ್ಲವನ್ನು ಡಬ್ಬಿಯ ಗೋಡೆಗೆ ಮೆತ್ತದೆ ದಾರಕ್ಕೆ ಏಕೆ ಕಟ್ಟುತ್ತಿದ್ದಳೋ ಕೇಳಲಿಲ್ಲ.

ಇಲ್ಲಿಯವರೆಗಿನ ಕತೆಯಲ್ಲಿ ಮಣಿಗಳೆಲ್ಲ ಪರದೇಶದವು. ಎಪ್ಪತ್ತರ ದಶಕ ನಮ್ಮಲ್ಲಿ ವಿದೇಶಿ ವಿನಿಮಯಕ್ಕೆ ಬರವಿದ್ದ ಕಾಲ. ಹೊರಗಿನಿಂದ ಒಂದು ಶೀಶೆ ರಾಸಾಯನಿಕ ತರಿಸುವುದೂ ಪರವಾನಗಿಯ ಮಾತಾಗಿತ್ತು. ಆ ದಿನಗಳಲ್ಲಿ ನಮ್ಮವರು ಮಾಡಿದ ಒಂದು ಕೆಲಸ ನನಗೆ ಈ ಇತಿಹಾಸದಲ್ಲೆಲ್ಲ ಹೆಚ್ಚು ಮೆಚ್ಚುಗೆಯಾದದ್ದು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯ ಕಟ್ಟಿದ್ದ ಬಿ. ಕೆ. ಬಛಾವತ್, ಅವರ ಕೈಕೆಳಗೆ ಬೆಳೆದ ಪಿ. ಎಸ್. ಅಪ್ಪುಕುಟ್ಟನ್ ಮತ್ತು ಅವಧೇಶ ಸುರೋಲಿಯಾ, ಔಡಲದಲ್ಲಿರುವ ಗ್ಯಾಲಕ್ಟೋಸ್ ಹಿಡಿಯುವ ಪ್ರೋಟೀನುಗಳನ್ನು ಬೇರ್ಪಡಿಸಿದ ಬಗೆಯನ್ನು 1977ರಲ್ಲಿ ನಮ್ಮ ದೇಶದ್ದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಬಲೆ ಗೋರಿಕಾಯಿಯ ಬೀಜದ ಅಂಟಿನಿಂದ ಮಾಡಿದ್ದು. ಗೋರಿಕಾಯಿ ಎಂದರೆ ನಮ್ಮ ಕಡೆಯ ಚವಳಿಕಾಯಿ. ಅದರ ಬೀಜದ ಅಂಟಿನಲ್ಲಿ ಮ್ಯಾನೋಸ್ ಎಂಬ ಸಕ್ಕರೆಯ ಉದ್ದನೆಯ ಬೆನ್ನೆಲುಬಿದ್ದು, ಅದಕ್ಕೆ ಹೆಚ್ಚುಕಡಿಮೆ ಎರಡಕ್ಕೊಂದರಂತೆ ಗ್ಯಾಲಕ್ಟೋಸ್ ಟಿಸಿಲುಗಳಾಗಿ ಜೋತುಬಿದ್ದಿರುತ್ತವೆ. ಯಾರೂ ಕಟ್ಟಬೇಕಾಗಿಲ್ಲ, ಗಿಡವೇ ಕಟ್ಟಿಕೊಟ್ಟಿದೆ. ಡೆಕ್ಸ್‌ಟ್ರಾನಿನಂತೆ ಅದನ್ನೂ ಅಡ್ಡಡ್ಡ ಹೊಲಿದು ಕರಗದಂತೆ ಮಾಡಿದರೆ ಗ್ಯಾಲಕ್ಟೋಸಿನ ಬಲೆ ಸಿದ್ಧ. ಮರುವರ್ಷ ಮಜುಂದಾರ್ ಮತ್ತು ಸುರೋಲಿಯಾ, ಅರಾಬಿನೋಗ್ಯಾಲಕ್ಟನ್ ಎಂ‌ಬ ಇನ್ನೊಂದು ಮರದ ಅಂಟನ್ನು ಹಾಗೆಯೇ ಹೊಲಿದು, ಶೇಂಗಾದ ಲೆಕ್ಟಿನ್ನನ್ನು ದೊಡ್ಡ ಪ್ರಮಾಣದಲ್ಲಿ ಪಡೆಯುವ ದಾರಿ ತೋರಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಗೋರಿಕಾಯಿ ಬೀಜ ಬೆಳೆಯುವ ದೇಶ ನಮ್ಮದು, ಅದರಲ್ಲಿ ಬಹುಪಾಲು ರಾಜಸ್ಥಾನದ್ದು. ಸುರೋಲಿಯಾ ಅವರೂ ರಾಜಸ್ಥಾನದವರು. ಅದು ಕಾಕತಾಳೀಯವಿರಬಹುದು, ನನಗಂತೂ ಹಾಗೆಂದುಕೊಳ್ಳಲು ಮನಸ್ಸಿಲ್ಲ.

ಶುದ್ಧ ಪ್ರೋಟೀನ್ ಕೈಗೆ ಬಂದ ಮೇಲೆ ಅದರ ರೂಪ ನೋಡುವ ಆಸೆ ಹುಟ್ಟುತ್ತದೆ. ಸುರೋಲಿಯಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಎಂ. ವಿಜಯನ್ ಅವರ ಬಳಗದೊಡನೆ ಸೇರಿ ಶೇಂಗಾದ ಲೆಕ್ಟಿನ್ನನ್ನು ಹರಳಾಗಿಸಿ, ಕ್ಷಕಿರಣಗಳಿಂದ ಅದರ ರಚನೆ ಬಿಡಿಸಿ 1994ರಲ್ಲಿ ಪ್ರಕಟಿಸಿದರು. ನಾಲ್ಕು ತುಂಡುಗಳ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಮ್ಮಿತಿ ಇದರಲ್ಲಿ ಇರಲಿಲ್ಲವಾಗಿ ಅದು ಅಚ್ಚರಿಯ ಸುದ್ದಿಯಾಯಿತು. ಎರಡು ವರ್ಷಗಳಲ್ಲಿ ಹಲಸಿನ ಬೀಜದ ಜಾಕಲಿನ್ ಎಂಬ ಲೆಕ್ಟಿನ್ನಿನ ರಚನೆಯೂ ಅಲ್ಲಿಂದಲೇ ಹೊರಬಂತು. ಅಂಥ ಮಡಿಕೆ ಲೆಕ್ಟಿನ್ನುಗಳಲ್ಲಿ ಹಿಂದೆ ಕಂಡಿರಲಿಲ್ಲ.

ನಮಗೆ ಇನ್ನೂ ಹತ್ತಿರದ್ದು ಧಾರವಾಡದ ಕೆಲಸ. ಶೇಂಗಾ ಹಾಕುವವರಿಗೆ ಬುಡಕೊಳೆ ರೋಗ ಗೊತ್ತು. ನೆಲಕ್ಕೆ ತಾಗಿದ ಕಾಂಡಕ್ಕೆ ಬಿಳಿ ನೂಲು ಸುತ್ತಿಕೊಂಡು, ಅದರ ಮೇಲೆ ಸಾಸಿವೆಯಂಥ ಗುಂಡುಗಳು ಮೂಡಿ, ಗಿಡ ಬಾಡಿ ಬೀಳುತ್ತದೆ. ಸ್ಕ್ಲಿರೋಶಿಯಂ ರಾಲ್ಫ್‌ಸಿ ಎಂಬ ಶಿಲೀಂಧ್ರದ ಕೆಲಸ ಅದು. ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಬಿ. ಎಂ. ಸ್ವಾಮಿ, ಶಶಿಕಲಾ ಇನಾಮದಾರ ಮತ್ತು ಅವರ ವಿದ್ಯಾರ್ಥಿಗಳು ಈ ಶಿಲೀಂಧ್ರದಿಂದ ಒಂದು ಲೆಕ್ಟಿನ್ನನ್ನು ಶುದ್ಧಗೊಳಿಸಿ, 2001ರಿಂದೀಚೆಗೆ ಅದರ ಬಗ್ಗೆ ಬರೆಯುತ್ತ ಬಂದರು. ಅದು ಹಿಡಿಯುವುದು ಯಾವ ಸಕ್ಕರೆಯನ್ನು ಗೊತ್ತೆ? ಶೇಂಗಾ ಹಿಡಿಯುವ ಅದೇ ಟಿ-ಆಂಟಿಜೆನ್ನನ್ನು! ಹೊಲದಲ್ಲಿ ಕೊಲ್ಲುವವನಿಗೂ ಸಾಯುವವನಿಗೂ ಕೈ ಒಂದೇ ಗುರುತಿನದು. ಸಾಸಿವೆಯಂಥ ಆ ಗುಂಡುಗಳ ಬೆಳವಣಿಗೆಯಲ್ಲಿ ಈ ಲೆಕ್ಟಿನ್ನಿಗೆ ಪಾತ್ರವಿದೆಯೆಂದು ಅವರು 2004ರಲ್ಲಿ ತೋರಿಸಿದರು. ಗ್ರೀಸಿನ ವಿಜ್ಞಾನಿಗಳೊಡನೆ ಸೇರಿ 2007ರಲ್ಲಿ ಅದರ ರಚನೆಯನ್ನೂ ಹೊರತಂದರು. ಕಡಲೆಯ ಬೇರು ಒಣಗಿಸುವ, ಜೋಳದ ದಂಟನ್ನು ಒಳಗಿನಿಂದ ಕರಿಯಾಗಿಸುವ ರೈಜೋಕ್ಟೋನಿಯ ಶಿಲೀಂಧ್ರದ ಲೆಕ್ಟಿನ್ 2010ರಲ್ಲಿ ಬಂತು. ನಮ್ಮ ಎರೆಹೊಲಗಳ ರೋಗಗಳ ಪಟ್ಟಿಯೇ ಅವರ ಪ್ರಯೋಗಾಲಯದ ಪಟ್ಟಿಯೂ ಆಗಿದೆ. ರೋಣದಿಂದ ಧಾರವಾಡಕ್ಕೆ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿಬಂದಿದ್ದೇನೆ, ಮೌಲ್ಯಮಾಪನಕ್ಕೆ, ಮದುವೆಗೆ. ಮಕ್ಕಳನ್ನು ಒಂದು ದಿನ ಆ ವಿಭಾಗದ ಬಾಗಿಲಿಗೆ ಕರೆದೊಯ್ಯಬೇಕೆಂದು ತೋಚಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಾದ ಮೇಲೆ ತಂಗಿಯನ್ನು ನೋಡಲು ನರಗುಂದಕ್ಕೆ ಹೋಗಿದ್ದೆ. ಊಟಕ್ಕೆ ಹುರಳಿಕಟ್ಟಿನ ಸಾರು ಮಾಡಿದ್ದಳು. ಕುದಿಸಿದರೆ ಲೆಕ್ಟಿನ್ ತನ್ನ ಆಕಾರ ಕಳೆದುಕೊಳ್ಳುತ್ತದೆ, ಹಿಡಿಯುವ ಶಕ್ತಿಯೂ ಹೋಗುತ್ತದೆ ಎಂದು ವಿವರಿಸತೊಡಗಿದೆ. “ಅಣ್ಣಾ, ಸಾರು ಆರತೈತಿ, ಮೊದಲು ಉಣ್ಣು” ಎಂದಳು. ಅಲ್ಲಿಂದ ಬರುವಾಗ ಗಜೇಂದ್ರಗಡದ ಸಂತೆಯಲ್ಲಿ ಕೊಂಡಿದ್ದ ಹುರಳಿಯಲ್ಲಿ ಒಂದು ಪಾವಿನಷ್ಟನ್ನು ಪೊಟ್ಟಣ ಕಟ್ಟಿ ಹುಬ್ಬಳ್ಳಿಯ ಆ ಹುಡುಗನಿಗೆ ಕಳಿಸಿದೆ. ಹುಡುಗನೆನ್ನುತ್ತೇನೆ, ಅವನಿಗೂ ತಲೆ ನರೆತಿದೆ. ಬಿಡುವಿದ್ದಾಗ ಸುಮ್ಮನೆ ಪರೀಕ್ಷಿಸಿ ನೋಡೆಂದು ಚೀಟಿಯನ್ನೂ ಇಟ್ಟಿದ್ದೆ.

ಹದಿನೈದು ದಿನದ ಮೇಲೆ ಫೋನು ಬಂತು. ಹಿಟ್ಟು ಮಾಡಿ ಉಪ್ಪುನೀರಿನಲ್ಲಿ ನೆನೆಸಿ ಸೋಸಿದನಂತೆ. ಮೊದಲ ಸಲ ಎ1, ಎ2 ಎರಡೂ ಹನಿಗಳಲ್ಲಿ ಗಂಟು ಕಂಡಿತಂತೆ.

“ಆಮ್ಯಾಲೆ ತೆಳು ಮಾಡಕೋತ ಹೋದೆ ರೀ ಸರ್. ಈಗ ಎ1 ಹನಿಯಾಗ ಅಷ್ಟ ಗಂಟು ಕಟ್ಟೈತ್ರಿ. ಎ2 ತಿಳಿ ಅದ ರೀ. ಉಳಿದ ಹುರಳಿ ಮನಿಗೆ ಒಯ್ದೇನ್ರಿ.”